‘ಹೆಸರಿಗೆ ಮಾತ್ರ ಸರ್’

ಗಂಡ ಮಾತಾಡುತ್ತಾನೆ, ಹೆಂಡತಿ ಸಹಿ ಹಾಕುತ್ತಾಳೆ. ಉಡುಪಿಯಲ್ಲಿ ಲೆಕ್ಕಪರಿಶೋಧಕನಾಗಿ ಕುಳಿತಂದಿನಿಂದ ನನ್ನ ಮೇಜಿನೆದುರು ಇದೇ ದೃಶ್ಯ. ‘ಅಂಗಡಿ ಇವಳ ಹೆಸರಿನಲ್ಲಿರಲಿ, ಹೆಸರಿಗೆ ಮಾತ್ರ ಸರ್.’ ಯಾಕೆ ಎಂದರೆ ಭಾವ ಹಾಗೆ ಮಾಡಿದ್ದಾರೆ, ಮುಂಬೈಯ ಮಾವ ಹೇಳಿದ್ದಾರೆ, ಹೆಂಗಸರಿಗೆ ಸಾಲ ಬೇಗ ಸಿಗುತ್ತದಂತೆ.

ನಾನು ಹೇಳುವುದು ಇಷ್ಟೇ: ಹೆಸರಿಗೆ ಮಾತ್ರ ಪ್ರೊಪ್ರೈಟರ್, ಅಂದರೆ ಅಂಗಡಿಯ ಏಕೈಕ ಮಾಲಕಿ, ಆಗಲು ಬರುವುದಿಲ್ಲ. ಪ್ರೊಪ್ರೈಟರ್ ಬೇರೆ, ಅಂಗಡಿ ಬೇರೆ ಅಲ್ಲ. ಅಂಗಡಿಯ ಸಾಲ ಅವಳ ಸಾಲ, ಜಿಎಸ್‌ಟಿ ಬಾಕಿ ಅವಳ ಬಾಕಿ. ಅದು ತವರಿನವರು ಕೊಟ್ಟ ಜಾಗದವರೆಗೂ ಬರಬಹುದು. ಚೆಕ್ ಅಮಾನ್ಯವಾದರೆ ನೋಟಿಸು ಸಹಿ ಹಾಕಿದವಳಿಗೇ. 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ತೆರಿಗೆಯಾದರೂ ಉಳಿಯುತ್ತದಲ್ಲ ಎನ್ನುವವರಿಗೆ: ಬಂಡವಾಳವನ್ನು ಗಂಡನೇ ಉಡುಗೊರೆಯಾಗಿ ಕೊಟ್ಟಿದ್ದರೆ ಅದರ ಪಾಲಿನ ಲಾಭ ಸಾಮಾನ್ಯವಾಗಿ ಅವನ ಆದಾಯಕ್ಕೇ ಸೇರುತ್ತದೆ. ಪ್ರಕರಣದಿಂದ ಪ್ರಕರಣಕ್ಕೆ ವ್ಯತ್ಯಾಸವಿದೆ, ಕಾಗದ ನೋಡದೆ ಹೇಳಲಾರೆ. ಮಹಿಳೆಯರ ಹೊಸ ಉದ್ಯಮಕ್ಕೂ ಬ್ಯಾಂಕ್ ಸಾಲ ಕೊಡಿಸಲು 2016ರಲ್ಲಿ ಬಂದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯಲ್ಲೂ ಪಾಲುದಾರಿಕೆ ಅಥವಾ ಕಂಪನಿಯಾದರೆ 51 ಶೇಕಡ ಪಾಲಿನ ಜೊತೆಗೆ ನಿಯಂತ್ರಣವೂ ಮಹಿಳೆಯದಾಗಿರಬೇಕಿತ್ತು. ಶೇಕಡವನ್ನು ಎಲ್ಲರೂ ಓದಿಕೊಂಡು ಬರುತ್ತಿದ್ದರು, ನಿಯಂತ್ರಣವನ್ನಲ್ಲ.

ಅಳಿಯಸಂತಾನದ ನಾಡು ನಮ್ಮದು. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು, ಯಜಮಾನಿಕೆ ಹೆಚ್ಚಾಗಿ ಸೋದರಮಾವನದು. ಹೆಸರು ಒಬ್ಬರದು, ಕಾರುಬಾರು ಇನ್ನೊಬ್ಬರದು ಎಂಬುದು ನಮಗೆ ಹಳೆಯ ರೂಢಿಯೇ ಇರಬೇಕು. ಮಲ್ಪೆ ಬಂದರಿನಲ್ಲಿ ಹರಾಜು ಕೂಗಿ ಮೀನು ಕೊಳ್ಳುವ ಹೆಂಗಸಿನ ಬಳಿ ಲೈಸೆನ್ಸು ಇರಲಿಕ್ಕಿಲ್ಲ, ಆದರೆ ಯಾರು ಎಷ್ಟು ಬಾಕಿ ಎಂಬುದು ನಾಲಿಗೆಯ ತುದಿಯಲ್ಲಿರುತ್ತದೆ. ನನ್ನ ಕಚೇರಿಗೆ ಬರುವ ‘ಮಾಲಕಿ’ಗೆ ಅಂಗಡಿಯ ಬಾಡಿಗೆ ಎಷ್ಟೆಂದೂ ಗೊತ್ತಿರುವುದಿಲ್ಲ.

ಹಲವು ವರ್ಷಗಳ ಹಿಂದೆ ಒಬ್ಬರು ಬ್ಯಾಂಕಿನ ನೋಟಿಸು ಹಿಡಿದು ಒಂಟಿಯಾಗಿ ಬಂದರು. ‘ನಾನು ಯಾವುದಕ್ಕೆ ಸಹಿ ಹಾಕಿದ್ದು ಸರ್?’ ಆ ಕಡತ ಮಾಡಿಕೊಟ್ಟವನು ನಾನೇ. ಹಾಳೆ ತಿರುವಿ ‘ಇಲ್ಲಿ ಹಾಕಿ ಅಮ್ಮ’ ಎಂದವನೂ ನಾನೇ.

ಅಂದಿನಿಂದ ಸಹಿಗೆ ಮೊದಲು ಗಂಡನನ್ನು ಚಹಾ ಕುಡಿದು ಬನ್ನಿ ಎಂದು ಹತ್ತು ನಿಮಿಷ ಹೊರಗೆ ಕಳುಹಿಸುತ್ತೇನೆ. ಕೆಲವರು ಮುನಿಸಿಕೊಂಡು ಬೇರೆ ಲೆಕ್ಕಪರಿಶೋಧಕರನ್ನು ಹುಡುಕಿದ್ದಾರೆ, ಹುಡುಕಲಿ. ಕಳೆದ ವಾರ ಬಂದಾಕೆ ಎಂಟು ನಿಮಿಷ ಸುಮ್ಮನಿದ್ದು, ಆಮೇಲೆ ಕೇಳಿದರು: ‘ಖಾತೆಗೆ ಹಣ ಬಂದದ್ದರ ಮೆಸೇಜು ಯಾರ ಮೊಬೈಲಿಗೆ ಬರುತ್ತದೆ?’

ಅರ್ಜಿಯಲ್ಲಿ ಗಂಡನ ನಂಬರಿತ್ತು. ಹೊಡೆದುಹಾಕಿ ತಮ್ಮದನ್ನು ಬರೆದರು.