ಮಗಳು ನನಗೆ ಹೇಳದ್ದನ್ನು ಅಕ್ಕೋರಿಗೆ ಯಾಕೆ ಹೇಳುತ್ತಾಳೆ?

ಪ್ರಶ್ನೆ: "ಮಗಳು ಒಂಬತ್ತನೇ ಕ್ಲಾಸ್ ಓದಕತ್ಯಾಳ. ಮನ್ಯಾಗ ಏನು ಕೇಳಿದ್ರೂ 'ಏನಿಲ್ಲ' ಅಂತಾಳ. ಸಾಲಿ ಅಕ್ಕೋರ ಮುಂದ, ಇಲ್ಲಾಂದ್ರ ಅವರ ಕಾಕಿ ಮುಂದ ಎಲ್ಲಾ ಹೇಳ್ತಾಳ. ಹೆತ್ತಾಕಿ ನಾ ಇದ್ದಾಗ ಮತ್ತೊಬ್ಬರು ಯಾಕ ಬೇಕ್ರಿ?"

ಉತ್ತರ: ಇದೇ ಪ್ರಶ್ನೆ ಕಲಬುರಗಿಯಿಂದ ಬರುತ್ತದೆ, ಹುಮನಾಬಾದಿನಿಂದ ಬರುತ್ತದೆ, ಶಹಾಪುರದಿಂದಲೂ ಬರುತ್ತದೆ. ಮತ್ತೊಮ್ಮೆ ಹೇಳುತ್ತೇನೆ: ಬೇಕು. ನೀವು ಎಷ್ಟೇ ಒಳ್ಳೆಯ ತಾಯಿಯಾಗಿದ್ದರೂ ಬೇಕು.

"ಮಗಳು ಹೊರಗೆ ಬಾಯಿ ಬಿಟ್ಟಳು ಅಂದರೆ ತಾಯಿ ಎಲ್ಲೋ ತಪ್ಪಿದಳು" ಅನ್ನುವ ನಂಬಿಕೆಯೊಂದಿದೆ. ಎಷ್ಟು ಸಲ ಬರೆದರೂ ಇದು ಹೋಗುತ್ತಿಲ್ಲ, ಹಾಗಾಗಿ ಇವತ್ತು ಬಿಡಿಸಿ ಹೇಳಿಬಿಡುತ್ತೇನೆ.

ಹಳ್ಳಿಯಿಂದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುವ ಹುಡುಗಿ. ಒಬ್ಬ ಹುಡುಗ ದಿನಾ ಹಿಂದೆ ಬೀಳುತ್ತಾನೆ. ಮನೆಯಲ್ಲಿ ಹೇಳಿದರೆ ಮೊದಲು ನಿಲ್ಲುವುದು ಯಾರ ಓಡಾಟ? ಆ ಹುಡುಗನದಲ್ಲ, ಇವಳದು. ಅಪ್ಪನಿಗೆ ಸುದ್ದಿ ಹೋಗುತ್ತದೆ, ಫೋನು ಕಸಿದುಕೊಳ್ಳುತ್ತಾರೆ, "ಸಾಲಿ ಸಾಕು" ಅನ್ನುತ್ತಾರೆ. ಹದಿನಾಲ್ಕರ ಹುಡುಗಿ ಬಾಯಿ ತೆರೆಯುವ ಮೊದಲೇ ಈ ಲೆಕ್ಕವನ್ನೆಲ್ಲ ಹಾಕಿರುತ್ತಾಳೆ. ಅಕ್ಕೋರಿಗೆ ಅವಳ ಸಾಲಿ ಬಿಡಿಸುವ ಅಧಿಕಾರವಿಲ್ಲ. ಅದಕ್ಕೇ ಅವರ ಮುಂದೆ ಮಾತು ಹೊರಡುತ್ತದೆ. ನಿಮ್ಮ ಪ್ರೀತಿಯ ಬಗ್ಗೆ ಅವಳಿಗೆ ಅನುಮಾನವಿಲ್ಲ. ಕೇಳಿದ ಮೇಲೆ ನೀವು ಸುಮ್ಮನೆ ಕೂಡಲಾರಿರಿ ಅಂತ ಅವಳಿಗೆ ಗೊತ್ತು. ತಾಯಿಗೆ ಮಗಳ ಮಾತು ಕೇಳಿದ ಕೂಡಲೇ ಎದೆ ಝಲ್ಲೆನ್ನುತ್ತದೆ. ಅಷ್ಟು ಹತ್ತಿರ ಇರುವವರಿಗೆ ಹಾಗಾಗಲೇಬೇಕು.

ನಿಮ್ಮ ಬಾಲ್ಯವನ್ನೇ ನೆನೆಸಿಕೊಳ್ಳಿ. ಮೊದಲ ಸಲ ಮುಟ್ಟಾದಾಗ ಯಾರಿಗೆ ಹೇಳಿದಿರಿ? ನಮ್ಮ ಕಡೆ ಬಹಳ ಮಂದಿಗೆ ಅದು ವೈನಿ, ಸೋದರತ್ತೆ, ಆಯಿ. ತುಂಬಿದ ಮನೆಯಲ್ಲಿ ಈ ಕೆಲಸ ತಾನಾಗಿಯೇ ನಡೆಯುತ್ತಿತ್ತು, ಅದನ್ನು ಯಾರೂ ತಾಯಿಯ ಸೋಲು ಅನ್ನಲಿಲ್ಲ. ಈಗ ಎರಡು ಖೋಲಿಯ ಮನೆ. ಯಾದಗಿರಿ ಕಡೆ ಅಪ್ಪ ಅವ್ವ ಬೆಂಗಳೂರು, ಪುಣೆಗೆ ದುಡಿಯಲು ಹೋಗಿ, ಹುಡುಗಿ ಮುದುಕಿಯ ಜೊತೆ ಉಳಿದ ಮನೆಗಳೂ ಇವೆ. ಆ ವೈನಿ, ಆ ಅತ್ತಿ ಇದ್ದ ಜಾಗ ಖಾಲಿಯಾಗಿದೆ.

ಸಂಶೋಧನೆ ಬೇಕು ಅನ್ನುವವರಿಗೆ: ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಟ್ಟಲೆ ಗಮನಿಸಿದರು. ಬಡತನ, ಜಗಳದ ಮನೆಗಳಂಥ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳು ಚೆನ್ನಾಗಿಯೇ ದಡ ಸೇರಿದರು. ಅವರಿಗೆ ಆಸರೆಯಾದವರಲ್ಲಿ ಅಜ್ಜಿ, ಟೀಚರ್, ನೆರೆಯವರು ಮತ್ತೆ ಮತ್ತೆ ಕಾಣುತ್ತಾರೆ.

ಇನ್ನೊಂದು ಸಣ್ಣ ವಿಷಯ. ಸಾಲಿಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಗುಳಿಗೆ. ನುಂಗಿದ ಮರುದಿನ ಮಲ ಕಪ್ಪಾಗುತ್ತದೆ, ಹುಡುಗಿ ಹೆದರುತ್ತಾಳೆ. ಮನೆಯಲ್ಲಿ ಹೇಳಿದರೆ "ಆ ಗುಳಗಿ ಬ್ಯಾಡ, ಒಗಿ" ಅಂತಾರೆ, ಅಲ್ಲಿಗೆ ಮುಗಿಯಿತು. ಆಶಾ ಅಕ್ಕ ಆದರೆ "ಕಬ್ಬಿಣಕ್ಕ ಹಂಗಾಗ್ತದ, ಹೆದರಬ್ಯಾಡ. ಬರಿ ಹೊಟ್ಟಿಲೆ ನುಂಗಬ್ಯಾಡ, ಉಂಡ ಮ್ಯಾಲ ನುಂಗು" ಅಂತಾಳೆ. ರಕ್ತ ಕಡಿಮೆ ಇರುವ ಹುಡುಗಿಗೆ ಆ ಒಂದು ಮಾತು ದೊಡ್ಡದು.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಇಂಥವರ ಅಗತ್ಯ ಇನ್ನೂ ಹೆಚ್ಚು. 2025ರ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆ, ಪಾಸಾದವರು ಶೇ. 42.43. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯಲ್ಲಿ ಆ ದಿನ ಮುಖ ಬಾಡಿತ್ತು. ಹುಡುಗಿ ಫೇಲಾದರೆ ಕೆಲವು ಮನೆಗಳಲ್ಲಿ ಸಂಜೆಗೇ ಲಗ್ನದ ಮಾತು ಏಳುತ್ತದೆ. ಆಗ ಒಳಗೆ ಬಂದು ಕೂತು, "ಎರಡನೇ ಪರೀಕ್ಷಾ ಅದ, ಈ ವರ್ಷಾನೇ ಪಾಸಾಗಬಹುದು. ಹದಿನೆಂಟು ತುಂಬದೇ ಮಾಡಿದ ಲಗ್ನ ನಮ್ಮ ರಾಜ್ಯದಾಗ ಕಾನೂನಿನ ಪ್ರಕಾರ ಲಗ್ನಾನೇ ಅಲ್ಲ" ಅಂತ ಹೇಳಬಲ್ಲ ಒಬ್ಬರು ಬೇಕು. ಆ ಮಾತನ್ನು ಹುಡುಗಿಯೇ ಆಡಿದರೆ ಎದುರುತ್ತರ ಅನ್ನಿಸಿಕೊಳ್ಳುತ್ತದೆ.

ಯಾರೂ ಕೇಳಿಲ್ಲ, ಆದರೂ ಆ ಅಕ್ಕೋರಿಗೆ, ಕಾಕಿಗೆ ಒಂದು ಮಾತು. "ಯಾರಿಗೂ ಹೇಳಂಗಿಲ್ಲ" ಅಂತ ಆಣೆ ಇಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಹಾಗೆ ಹೇಳುತ್ತದೆ, ಮುಚ್ಚಿಟ್ಟರೆ ಶಿಕ್ಷೆಯಿದೆ. ಆಣೆ ಮುರಿದರೆ ಆ ಹುಡುಗಿ ಮುಂದೆ ಯಾರನ್ನೂ ನಂಬುವುದಿಲ್ಲ. ಅದಕ್ಕೆ ಮೊದಲೇ ಹೇಳಿಬಿಡಿ: "ನಿನ್ನ ಮಾತು ಓಣಿಗೆ ಹೋಗಂಗಿಲ್ಲ. ಆದ್ರ ಯಾರರೆ ನಿನಗ ತ್ರಾಸ ಕೊಟ್ಟಿದ್ರ ನಾ ಸುಮ್ಮ ಕೂಡಂಗಿಲ್ಲ, ಏನು ಮಾಡೋದಿದ್ರೂ ಮೊದಲು ನಿನಗ ಹೇಳೇ ಮಾಡ್ತೀನಿ." ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ. ಹುಡುಗಿಯೂ ಮಾಡಬಹುದು, ನೀವೂ ಮಾಡಬಹುದು.

ಇನ್ನು ತಾಯಂದಿರಿಗೆ: ಯಾರ ಮೇಲೆ ನಿಮಗೆ ಭರವಸೆ ಇದೆಯೋ ಅವರ ಹೆಸರನ್ನು ಮಗಳ ಮುಂದೆ ನೀವೇ ಎತ್ತಿ. "ನನಗ ಹೇಳಾಕ ಆಗಲಿಲ್ಲಂದ್ರ ಕಾಕಿಗೆ ಹೇಳು" ಅನ್ನಿ. ಆಮೇಲೆ ಕಾಕಿಯನ್ನು ಕೂರಿಸಿಕೊಂಡು "ಏನಂದ್ಲು, ಏನಂದ್ಲು" ಅಂತ ಕೆದಕಬೇಡಿ.