ಕುರಿಗಾಹಿ ಇಲ್ಲದ ಹಿಂಡು

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ಒಳಗೆ ಸೇಂಟ್ ಕಿಲ್ಡಾ ಎಂಬ ಪುಟ್ಟ ದ್ವೀಪಗಳ ಗುಂಪಿದೆ. ಅದರಲ್ಲಿ ದೊಡ್ಡದು ಹಿರ್ತಾ. ಹುಡುಕಿದರೂ ಅಲ್ಲಿ ಒಂದು ಕಾಡುಮರ ಸಿಗದು. ಅಲ್ಲಿನ ಜನ ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆ ಇಳಿದು ಫುಲ್ಮಾರ್, ಗ್ಯಾನೆಟ್, ಪಫಿನ್ ಹಕ್ಕಿಗಳನ್ನು ಹಿಡಿಯುತ್ತಿದ್ದರು. ಗಾರೆಯಿಲ್ಲದೆ ಕಲ್ಲು ಪೇರಿಸಿದ ಗೂಡುಗಳಲ್ಲಿ, ಸಂದಿಯಿಂದ ನುಗ್ಗುವ ಗಾಳಿಗೆ ಅವುಗಳ ಮಾಂಸ ಒಣಗಿಸಿಡುತ್ತಿದ್ದರು. ಮಿಕ್ಕಿದ್ದೆಲ್ಲ ಒಲೆ ಬೂದಿಯ ಜೊತೆ ಹೊಲಕ್ಕೆ ಗೊಬ್ಬರ.

1930ರ ಆಗಸ್ಟಿನಲ್ಲಿ, ಉಳಿದಿದ್ದ 36 ಜನರೂ ಊರು ಬಿಟ್ಟರು. ತಮ್ಮ ಕುರಿಗಳನ್ನೂ ಸಾಗಿಸಿದರು.

1932ರಲ್ಲಿ ಪಕ್ಕದ ಸೋಯ್ ದ್ವೀಪದಿಂದ 107 ಕುರಿಗಳನ್ನು ತಂದು ಹಿರ್ತಾದಲ್ಲಿ ಬಿಟ್ಟರು. ಸಣ್ಣ ಮೈಯ, ಕಂದು ಬಣ್ಣದ ಹಳೇ ತಳಿ. ಮೇವು ಹಾಕುವವರಿಲ್ಲ, ಕಡಿಯುವವರಿಲ್ಲ, ತೋಳವೂ ಇಲ್ಲ. ಹಾಗಾದ್ರೆ ಹಿಂಡು ಬೆಳೆಯುತ್ತಲೇ ಹೋಗಬೇಕಲ್ವಾ?

ಹೋಗುವುದಿಲ್ಲ. ಸಂಖ್ಯೆ ಎರಡು ಸಾವಿರ ಮುಟ್ಟುತ್ತದೆ, ಆಮೇಲೆ ಒಂದೇ ಚಳಿಗಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ತುಹೋಗುತ್ತವೆ. ಹಿಂಡು ದೊಡ್ಡದಾದಷ್ಟೂ ಒಂದೊಂದರ ಪಾಲಿನ ಹುಲ್ಲು ಕಡಿಮೆ. ಸೊರಗಿದ ಮೈಗೆ ಹೊಟ್ಟೆಯ ಜಂತುಹುಳು ಬೇರೆ. ಟಗರುಗಳ ಪಾಡು ಇನ್ನೂ ಕಷ್ಟ. ನವೆಂಬರಿನ ಬೆದೆಗಾಲದಲ್ಲಿ ಮೇಯುವುದು ಬಿಟ್ಟು ಕೊಂಬು ತಾಗಿಸುತ್ತಾ ಓಡಾಡಿದವು, ಮಾರ್ಚ್ ಹೊತ್ತಿಗೆ ಕೊಬ್ಬೆಲ್ಲ ಕರಗಿ ಬೀಳುತ್ತವೆ. ಗಾಳಿ ಮಳೆಗೆ ಹೆದರಿ ಎಷ್ಟೋ ಕುರಿಗಳು ಆ ಹಳೇ ಕಲ್ಲುಗೂಡಿಗೇ ನುಗ್ಗಿ ಅಲ್ಲೇ ಪ್ರಾಣ ಬಿಡುತ್ತವೆ. ಹಕ್ಕಿ ಒಣಗಿಸಿದ ಜಾಗದಲ್ಲೀಗ ಕುರಿ ಮೂಳೆ.

1985ರಿಂದ ವಿಜ್ಞಾನಿಗಳು ಈ ಹಿಂಡಿನ ಲೆಕ್ಕ ಬಿಡದೆ ಇಡುತ್ತಿದ್ದಾರೆ. ಹುಟ್ಟಿದ ಮರಿಗೆ ಕಿವಿಯಲ್ಲಿ ನಂಬರ್. ಆಗಸ್ಟಿನಲ್ಲಿ ಹಿಡಿದು ತೂಕ, ಕಾಲಿನ ಉದ್ದ, ರಕ್ತ, ಕೊನೆಗೆ ಹಿಕ್ಕೆಯ ಪರೀಕ್ಷೆ ಕೂಡ. ದಪ್ಪ ಕುರಿಯೇ ಚಳಿಗಾಲ ದಾಟುವುದು ಜಾಸ್ತಿ ಎಂದು ಗೊತ್ತಾಗಿತ್ತು. ಅಂದಮೇಲೆ ತಲೆಮಾರು ಕಳೆದಂತೆ ಕುರಿಗಳ ಗಾತ್ರ ಹೆಚ್ಚಬೇಕಿತ್ತು. ಆದರೆ 2009ರಲ್ಲಿ ಪ್ರಕಟವಾದ ಲೆಕ್ಕ ನೋಡಿದರೆ, ಎರಡು ದಶಕಗಳಲ್ಲಿ ಗಾತ್ರ ಸುಮಾರು ಶೇ 5ರಷ್ಟು ಇಳಿದಿತ್ತು!

ಕಾರಣ, ಚಳಿಯ ಬಿಗಿ ಸಡಿಲವಾಗಿದೆ. ಹುಲ್ಲು ಹೆಚ್ಚು ತಿಂಗಳು ಸಿಗುತ್ತದೆ. ಹಿಂದೆ ಮೊದಲ ಚಳಿಗಾಲಕ್ಕೇ ಸಾಯುತ್ತಿದ್ದ ಪೀಚು ಮರಿ ಈಗ ಹೇಗೋ ಉಳಿದುಕೊಳ್ಳುತ್ತದೆ. ಇನ್ನೂ ಪೂರ್ತಿ ಬೆಳೆಯುವ ಮೊದಲೇ ಗಬ್ಬವಾಗಿ, ತಾನು ಹುಟ್ಟಿದಾಗ ಇದ್ದದ್ದಕ್ಕಿಂತ ಪೀಚಾದ ಮರಿ ಹಾಕುತ್ತದೆ.