ಪದ ಪರಿಚಯ: ಸದನದ ಭರವಸೆ

ಚುನಾವಣಾ ಸಭೆಯಲ್ಲಿ ಕೊಡುವ ಭರವಸೆ ಬೇರೆ, ಸದನದಲ್ಲಿ ಎದ್ದು ನಿಂತು ಕೊಡುವ ಭರವಸೆ ಬೇರೆ. ಮೊದಲನೆಯದನ್ನು ಕೇಳಲು ಮುಂದಿನ ಚುನಾವಣೆವರೆಗೆ ಕಾಯಬೇಕು. ಎರಡನೆಯದಕ್ಕೆ ದಾಖಲೆ ಇದೆ. ಸಂಸತ್ತಿನಲ್ಲಾದರೆ ಗಡುವೂ ಇದೆ. ‘ಏನಾಯ್ತು’ ಅಂತ ಕೇಳುವುದಕ್ಕೆಂದೇ ಒಂದು ಸಮಿತಿಯೂ ಇದೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ನಮಗೆ, ಅದರಲ್ಲೂ ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವವರಿಗೆ, ಇದು ಗೊತ್ತಿರಲೇಬೇಕು. ಶಿಕ್ಷಕರ ಖಾಲಿ ಹುದ್ದೆ, ಸೋರುವ ಕೊಠಡಿ, ಹಾಸ್ಟೆಲ್ ಇವುಗಳ ಬಗ್ಗೆ ಸದನದಲ್ಲಿ ಮಾತು ಆಗುತ್ತಲೇ ಇರುತ್ತದೆ. ಮರುದಿನ ಪೇಪರಿನಲ್ಲಿ ‘ಕ್ರಮಕ್ಕೆ ಸಚಿವರ ಭರವಸೆ’ ಅಂತ ಬರುತ್ತದೆ. ಶಾಲೆ ಮುಂದೆ ನಿಂತು ಕೇಳಿದರೆ ‘ಸಾಹೇಬ್ರು ಮಾಡ್ತೀವಿ ಅಂದಾರಲ್ರೀ, ನೋಡೂಣು’ ಅನ್ನುತ್ತಾರೆ ಹಿರಿಯರು. ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಮುಗಿಯಬೇಕಾಗಿಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸದಸ್ಯರ ಪ್ರಶ್ನೆಗೆ ಉತ್ತರಿಸುವಾಗ, ಇಲ್ಲವೇ ಒಂದು ಚರ್ಚೆಯ ಕೊನೆಗೆ ಮಾತಾಡುವಾಗ, ಮುಂದೆ ಇಂಥದ್ದು ಮಾಡುತ್ತೇವೆ ಎಂದು ಸಚಿವರು ಒಪ್ಪಿಕೊಂಡರೆ ಅದು ಸದನದ ಭರವಸೆ. ‘ಇದನ್ನು ನೋಡುತ್ತೇನೆ’, ‘ವಿಷಯ ಪರಿಶೀಲನೆಯಲ್ಲಿದೆ’, ‘ವಿಚಾರಣೆ ನಡೆಯುತ್ತಿದೆ’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು’. ಸಂಸತ್ತಿನಲ್ಲಿ ಇಂಥ ಮಾತುಗಳ ಒಂದು ಪಟ್ಟಿಯೇ ಇದೆ. ಆ ಪಟ್ಟಿಯ ಮಾತು ಸಚಿವರ ಬಾಯಿಂದ ಬಂದರೆ ಅದು ಲೆಕ್ಕಕ್ಕೆ ಬಂತು ಅಂತಲೇ ಅರ್ಥ. ನಮ್ಮ ಕಿವಿಗೆ ಇವೆಲ್ಲ ಸುಮ್ನೆ ಸಾಗಹಾಕುವ ಮಾತಿನ ಹಾಗೆ ಕೇಳುತ್ತವೆ. ಸದನದ ಪದ್ಧತಿ ಹಾಗೆ ನೋಡುವುದಿಲ್ಲ. ರಾಯಚೂರಿನ ದಲ್ಲಾಳಿ ಅಂಗಡಿಯಲ್ಲಿ ಹತ್ತಿ ತೂಕ ಹಾಕಿ ಬರೆದುಕೊಟ್ಟ ಚೀಟಿ ಇದ್ದ ಹಾಗೆ ಇದು. ದುಡ್ಡು ಇನ್ನೂ ಕೈಗೆ ಬಂದಿಲ್ಲ, ನಿಜ. ಆದರೆ ಕೊಡಬೇಕು ಅನ್ನುವುದಕ್ಕೆ ಬರಹ ಇದೆ.

ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಶುರುವಾದದ್ದು 1953ರಲ್ಲಿ, ರಾಜ್ಯಸಭೆಯಲ್ಲಿ 1972ರಲ್ಲಿ. ಲೋಕಸಭೆಯ ಸಮಿತಿಯಲ್ಲಿ 15 ಸದಸ್ಯರು. ಅದರಲ್ಲಿ ಮಂತ್ರಿಗಳು ಇರುವಂತಿಲ್ಲ. ಕಲಾಪದ ವರದಿಯಿಂದ ಭರವಸೆಗಳನ್ನು ಹೆಕ್ಕಿ ತೆಗೆಯುವ ಕೆಲಸ ಸಂಸದೀಯ ವ್ಯವಹಾರಗಳ ಸಚಿವಾಲಯದ್ದು. ಅದು ಆಯಾ ಇಲಾಖೆಗೆ ಕಳಿಸುತ್ತದೆ. ಕೊಟ್ಟ ಮಾತನ್ನು 3 ತಿಂಗಳಲ್ಲಿ ಈಡೇರಿಸಬೇಕು. ಆಗದಿದ್ದರೆ ಕಾರಣ ಹೇಳಿ ಹೆಚ್ಚಿನ ಸಮಯ ಕೇಳಬೇಕು. ಈಡೇರಿಸಿದ ಮೇಲೆ ಅದರ ವರದಿಯನ್ನು ಸದನದಲ್ಲಿ ಮಂಡಿಸಬೇಕು. ‘ಈ ಭರವಸೆ ಕೈಬಿಡಿ’ ಎಂದು ಇಲಾಖೆ ಕೇಳಬಹುದು, ಆದರೆ ತಾನೇ ಕೈಬಿಡುವಂತಿಲ್ಲ. ಇನ್ನೊಂದು ಸಂಗತಿ ತುಂಬ ಜನಕ್ಕೆ ಗೊತ್ತಿಲ್ಲ. ಲೋಕಸಭೆ ವಿಸರ್ಜನೆಯಾದರೂ ಸಮಿತಿ ಮುಂದಿರುವ ಬಾಕಿ ಭರವಸೆಗಳು ಬಿದ್ದುಹೋಗುವುದಿಲ್ಲ. ಹೊಸ ಸರ್ಕಾರವೂ ಉತ್ತರ ಹೇಳಬೇಕು. ನಮ್ಮ ವಿಧಾನಸಭೆ, ವಿಧಾನ ಪರಿಷತ್ತುಗಳಲ್ಲೂ ಭರವಸೆಗಳ ಸಮಿತಿಗಳಿವೆ.

ಈಗ ಶಿಕ್ಷಣಕ್ಕೆ ಬರೋಣ. ಇಲ್ಲಿ ಮೊದಲ ತೊಡಕು ಯಾವ ಸದನದಲ್ಲಿ ಕೇಳಬೇಕು ಅನ್ನುವುದು. ಸಂವಿಧಾನ ಬಂದಾಗ ಶಿಕ್ಷಣ ರಾಜ್ಯಗಳ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. ಅಂದರೆ ಕೇಂದ್ರಕ್ಕೂ ಅಧಿಕಾರ, ರಾಜ್ಯಕ್ಕೂ ಅಧಿಕಾರ. ಇಬ್ಬರ ಹೊಣೆ ಎಂದಾಗ ಇಬ್ಬರೂ ಜಾರಿಕೊಳ್ಳಲು ದಾರಿ ಸಿಗುತ್ತದೆ. ಸಿಂಧನೂರು ತಾಲ್ಲೂಕಿನ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಿಲ್ಲ ಎಂದು ಲೋಕಸಭೆಯಲ್ಲಿ ಕೇಳಿದರೆ ಏನು ಉತ್ತರ ಬರುತ್ತದೆ ಎಂದು ಮೊದಲೇ ಹೇಳಬಹುದು. ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ, ಬಹುಪಾಲು ಶಾಲೆಗಳು ರಾಜ್ಯದ ಕೈಯಲ್ಲಿವೆ, ನೇಮಕಾತಿ ರಾಜ್ಯದ ಕೆಲಸ. ಅದರಲ್ಲಿ ಭರವಸೆ ಇಲ್ಲ, ಒಂದು ಅವಕಾಶ ಕೈತಪ್ಪಿತು ಅಷ್ಟೆ. ಅದೇ ಕೇಂದ್ರವೇ ನಡೆಸುವ ಕುಕನೂರಿನ ನವೋದಯ ವಿದ್ಯಾಲಯದ ಖಾಲಿ ಹುದ್ದೆ ಅಥವಾ ಶಾಲಾ ಶಿಕ್ಷಣಕ್ಕೆ ಕೇಂದ್ರ-ರಾಜ್ಯ ಸೇರಿ ಹಣ ಹಾಕುವ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕೇಂದ್ರದ ಪಾಲಿನ ಹಣದ ಬಗ್ಗೆ ಕೇಳಿದರೆ ದಿಲ್ಲಿಯ ಸಚಿವರು ಜಾರಿಕೊಳ್ಳಲು ಆಗುವುದಿಲ್ಲ. ಆ ಯೋಜನೆಯಲ್ಲಿ ನಮ್ಮಂಥ ರಾಜ್ಯಕ್ಕೆ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40.

ನೀತಿಗೂ ಕಾನೂನಿಗೂ ಇರುವ ವ್ಯತ್ಯಾಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಒಪ್ಪಿದ್ದು ಕೇಂದ್ರ ಸಂಪುಟ, ಆ ವರ್ಷ ಜುಲೈ 29ರಂದು. ಅದು ಮಸೂದೆಯಾಗಿ ಬಂದು ಕಾಯ್ದೆಯಾದದ್ದಲ್ಲ. ಕರ್ನಾಟಕ ಮೊದಲು ಅದನ್ನು ಜಾರಿಗೆ ತಂದಿತು. ಸರ್ಕಾರ ಬದಲಾದ ಮೇಲೆ 2023ರಲ್ಲಿ ರಾಜ್ಯಕ್ಕೇ ಬೇರೆ ನೀತಿ ಬೇಕೆಂದು ಆಯೋಗ ರಚಿಸಿತು. ನೀತಿ ಹೀಗೆ ಬದಲಾಗುತ್ತದೆ. ಅದರ ಒಳ್ಳೇದು ಕೆಟ್ಟದ್ದರ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡಬಹುದು, ಮಾಡಬೇಕು ಕೂಡ. ಆದರೆ ನಿಮ್ಮೂರ ಶಾಲೆಗೆ ಇಷ್ಟು ಶಿಕ್ಷಕರು ಬೇಕು ಎಂದು ಹಟ ಹಿಡಿದು ಕೇಳುವ ಬಲ ನೀತಿಯಿಂದ ಬರುವುದಿಲ್ಲ. ಅದು ಕಾಯ್ದೆಯಿಂದ ಬರುತ್ತದೆ.

ಆ ಕಾಯ್ದೆ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, ಬರಲು ಎಷ್ಟು ಕಾಲ ಹಿಡಿಯಿತು ನೋಡಿ. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲೇ ಬ್ರಿಟಿಷರ ಶಾಸನ ಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆ ತಂದಿದ್ದರು. ಸ್ಥಳೀಯ ಸಂಸ್ಥೆಗಳು ತಮ್ಮ ಪ್ರದೇಶದಲ್ಲಿ ಶಿಕ್ಷಣ ಕಡ್ಡಾಯ ಮಾಡಲು ಅವಕಾಶ ಕೊಡಿ ಎಂಬುದಷ್ಟೇ ಅವರ ಬೇಡಿಕೆ. 1912ರ ಮಾರ್ಚ್‌ನಲ್ಲಿ ಮತಕ್ಕೆ ಹಾಕಿದಾಗ ಪರವಾಗಿ 13, ವಿರುದ್ಧ 38. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮಸೂದೆ ಗೆದ್ದಿದ್ದರೂ ತುಂಗಭದ್ರೆಯ ಈ ದಂಡೆಗೊಂದು ಕಾನೂನು, ಆ ದಂಡೆಗೊಂದು ಆಗುತ್ತಿತ್ತು.

1950ರಲ್ಲಿ ಸಂವಿಧಾನದ 45ನೇ ವಿಧಿ ಬಂತು. 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ 10 ವರ್ಷದೊಳಗೆ ಪ್ರಯತ್ನಿಸಬೇಕು ಎಂದಿತು. 1960 ಬಂತು, ಹೋಯಿತು. 2002ರಲ್ಲಿ 86ನೇ ತಿದ್ದುಪಡಿ 21ಎ ವಿಧಿಯನ್ನು ಸೇರಿಸಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಅದಕ್ಕೆ ಬೇಕಾದ ಕಾಯ್ದೆಯನ್ನು ರಾಜ್ಯಸಭೆ 2009ರ ಜುಲೈನಲ್ಲಿ, ಲೋಕಸಭೆ ಆಗಸ್ಟ್‌ನಲ್ಲಿ ಒಪ್ಪಿದವು. ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಗೋಖಲೆಯವರ ಮಸೂದೆ ಸೋತು ಅಷ್ಟೊತ್ತಿಗೆ 98 ವರ್ಷ. ಅಷ್ಟರಲ್ಲಿ ಎಷ್ಟು ತಲೆಮಾರು ಹೆಬ್ಬೆಟ್ಟು ಒತ್ತಿ ಹೋದವು ಅಲ್ವಾ? 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ. 59.56. ಈ ಅಂತರ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ ದೊಡ್ಡ ಗುಣ ಏನೆಂದರೆ, ಯಾರು ಏನು ಮಾಡಬೇಕು ಎಂದು ಅದು ಬೊಟ್ಟು ಮಾಡಿ ಹೇಳುತ್ತದೆ. 8ನೇ ಸೆಕ್ಷನ್ ಸರ್ಕಾರದ ಕರ್ತವ್ಯ, 9ನೇ ಸೆಕ್ಷನ್ ಸ್ಥಳೀಯ ಸಂಸ್ಥೆಗಳ ಕರ್ತವ್ಯ. ತನ್ನ ವ್ಯಾಪ್ತಿಯ 14 ವರ್ಷದೊಳಗಿನ ಮಕ್ಕಳ ದಾಖಲೆಯನ್ನು ಸ್ಥಳೀಯ ಸಂಸ್ಥೆ ಇಟ್ಟುಕೊಳ್ಳಬೇಕು. ವಲಸೆ ಬಂದ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಂತೆ ನೋಡಿಕೊಳ್ಳಬೇಕು. ಇದು ನಮ್ಮ ಭಾಗಕ್ಕೆ ಹೇಳಿ ಬರೆಸಿದ ಹಾಗಿದೆ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯಿಂದ ಗುಳೆ ಹೋಗುವವರು ಮಕ್ಕಳನ್ನು ಬೆಂಗಳೂರಿನ ಕಟ್ಟಡ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಊರಲ್ಲಿ ಉಳಿದ ಮಕ್ಕಳು ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲಕ್ಕೆ ಹೊಲದಲ್ಲಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಬೆಂಚಿನ ಮೇಲೆ ಹುಡುಗ ಇರುವುದಿಲ್ಲ. 26ನೇ ಸೆಕ್ಷನ್ ಇನ್ನೂ ನೇರವಾಗಿದೆ. ಸರ್ಕಾರಿ ಶಾಲೆಯಲ್ಲಿ ಮಂಜೂರಾದ ಶಿಕ್ಷಕರ ಹುದ್ದೆಗಳಲ್ಲಿ ಶೇ. 10ಕ್ಕಿಂತ ಜಾಸ್ತಿ ಖಾಲಿ ಇರಬಾರದು. ಅತಿಥಿ ಶಿಕ್ಷಕರನ್ನು ಹಾಕಿಕೊಂಡು ವರ್ಷ ದೂಡುವ ಊರಿನವರು ಈ ಸಾಲನ್ನು ಬರೆದಿಟ್ಟುಕೊಳ್ಳಬೇಕು.

ಹಾಗಾದರೆ ಸದನದ ಉತ್ತರ ಹೇಗಿರುತ್ತದೆ? ವಿಧಾನಸಭೆಯ ಉತ್ತರದ ಹಾಳೆಗಳನ್ನು ಓದುವುದು ನನಗೆ ರೂಢಿಯಾಗಿದೆ. ಮೇಲೆ ಚುಕ್ಕೆ ಗುರುತಿನ ಪ್ರಶ್ನೆಯೋ ಚುಕ್ಕೆ ಗುರುತಿಲ್ಲದ್ದೋ ಎಂದು ಇರುತ್ತದೆ. ಚುಕ್ಕೆ ಇದ್ದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕು, ಸದಸ್ಯರು ಮೇಲೊಂದು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದಿದ್ದರೆ ಬರಹದ ಉತ್ತರ ಮಾತ್ರ. ಅದರ ಕೆಳಗೆ ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಆಮೇಲೆ ಎರಡು ಅಂಕಣ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು ಅ, ಆ, ಇ ಎಂದು ತುಂಡು ಮಾಡಿರುತ್ತಾರೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಎಡಗಡೆ ‘ಅ’: ಮಸ್ಕಿ ತಾಲ್ಲೂಕಿನಲ್ಲಿ ಶಾಲಾ ಕೊಠಡಿಗಳು ಶಿಥಿಲವಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಲಗಡೆ ಒಂದೇ ಮಾತು: ‘ಬಂದಿದೆ.’ ‘ಆ’: ಬಂದಿದ್ದಲ್ಲಿ, ಎಷ್ಟು ಕೊಠಡಿಗಳು? ‘ಅನುಬಂಧದಲ್ಲಿ ನೀಡಲಾಗಿದೆ.’ ‘ಇ’: ಯಾವಾಗ ಕಟ್ಟಿಸಲಾಗುವುದು? ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು.’ ಇನ್ನು ‘ಅ’ಗೆ ‘ಇಲ್ಲ’ ಎಂದು ಬಂದರೆ ಉಳಿದದ್ದಕ್ಕೆಲ್ಲ ‘ಉದ್ಭವಿಸುವುದಿಲ್ಲ’ ಎಂದು ಬರೆದು ಮುಗಿಸುತ್ತಾರೆ.

ಇದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ‘ಬಂದಿದೆ’ ಎಂಬ ಒಂದು ಪದ ಮತ್ತು ಆ ಅನುಬಂಧ. ತಪ್ಪು ಇದೆ ಎಂದು ಸರ್ಕಾರ ಒಪ್ಪಿಕೊಂಡಿತು, ಶಾಲೆಗಳ ಹೆಸರನ್ನೂ ತಾನೇ ಕೊಟ್ಟಿತು. ‘ಅನುದಾನದ ಲಭ್ಯತೆ’ ಎಂಬ ಮಾತು ಮಾತ್ರ ಸಡಿಲ. ಅದರಲ್ಲಿ ಒಪ್ಪಿಗೆ ಇದೆ, ದಿನಾಂಕ ಇಲ್ಲ. ಆ ಸಡಿಲವನ್ನು ಬಿಗಿ ಮಾಡುವುದು ಉಪಪ್ರಶ್ನೆಯ ಕೆಲಸ. ‘ಈ ವರ್ಷದ ಬಜೆಟ್‌ನಲ್ಲೋ, ಮುಂದಿನದರಲ್ಲೋ’ ಎಂದು ಶಾಸಕರು ಎದ್ದು ಕೇಳಿದರೆ, ಸಚಿವರು ‘ಮುಂದಿನದರಲ್ಲಿ’ ಎಂದರೆ, ಅದು ಕೈಗೆ ಸಿಕ್ಕ ಭರವಸೆ. ಶಾಸಕರು ಪ್ರಶ್ನೆ ಕೊಟ್ಟು ಆ ದಿನ ಸದನಕ್ಕೇ ಬರದಿದ್ದರೆ ಈ ಅವಕಾಶ ಹೋಯಿತು. ಅದಕ್ಕೇ ನಮ್ಮ ಶಾಸಕರು ಎಷ್ಟು ಪ್ರಶ್ನೆ ಕೇಳಿದರು ಎನ್ನುವುದಕ್ಕಿಂತ ಯಾವ ಉಪಪ್ರಶ್ನೆ ಕೇಳಿದರು ಎಂದು ನೋಡಬೇಕು ಅನ್ನುತ್ತೇನೆ.

ಶೂನ್ಯವೇಳೆಯಲ್ಲಿ, ಅಂದರೆ ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತಿನಲ್ಲಿ, ಅವರು ಜೋರಾಗಿ ಮಾತಾಡಿದ್ದು ಭರವಸೆ ಅಲ್ಲ. ಸಚಿವರು ಉತ್ತರಿಸಿದರೆ ಮಾತ್ರ ಏನಾದರೂ ಹುಟ್ಟೀತು. ಪತ್ರಿಕಾಗೋಷ್ಠಿಯ ಮಾತು, ಶಂಕುಸ್ಥಾಪನೆಯ ಭಾಷಣ ಇವೂ ಲೆಕ್ಕಕ್ಕಿಲ್ಲ.

ನಮ್ಮ ಭಾಗಕ್ಕೆ ಇನ್ನೊಂದು ಹಿಡಿ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಅಂದ ಕೂಡಲೇ ನಮಗೆ ನೆನಪಾಗುವುದು ಸೀಟು ಮತ್ತು ನೌಕರಿಯ ಮೀಸಲಾತಿ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿ ಅದರ ಜೊತೆಗೆ ಇನ್ನೊಂದನ್ನೂ ಹೇಳುತ್ತದೆ. ಈ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇರಬೇಕು, ಅದರ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು. ಇಂದಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅದೇ. ಮಂಡಳಿಯ ದುಡ್ಡಿನಲ್ಲಿ ಶಾಲೆಗೆ ಎಷ್ಟು ಹೋಯಿತು, ಕೆಲಸ ಎಲ್ಲಿಗೆ ಬಂತು ಎಂದು ಕೇಳಲು ಆ ವರದಿಗಿಂತ ಒಳ್ಳೆಯ ಆಧಾರ ಬೇರೆ ಇಲ್ಲ. ವರದಿ ಮಂಡನೆಯಾಯಿತು ಎಂಬ ಒಂದು ಸಾಲಿನ ಸುದ್ದಿಗೇ ನಾವು ಸುಮ್ಮನಾಗಬಾರದು. ಅದರ ಮೇಲೆ ಚರ್ಚೆ ಆಯಿತೇ ಎಂದು ಕೇಳಬೇಕು.

ಭರವಸೆಗಳ ಸಮಿತಿಗೆ ಶಿಕ್ಷೆ ಕೊಡುವ ಅಧಿಕಾರ ಇಲ್ಲ. ಅದು ಅಧಿಕಾರಿಗಳನ್ನು ಕರೆಸಿ ಕೇಳಬಹುದು, ತಡವಾದದ್ದು ಯಾಕೆ ಎಂದು ಸದನಕ್ಕೆ ವರದಿ ಕೊಡಬಹುದು, ಅಷ್ಟೆ. ಆದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕಡತ ಕದಲಬೇಕಾದರೆ ಕೆಲವೊಮ್ಮೆ ಅಷ್ಟು ಸಾಕು. ‘ಎಲ್‌ಎಕ್ಯೂ (ವಿಧಾನಸಭೆಯ ಪ್ರಶ್ನೆ) ಬಂದಿದೆ’ ಅಂದರೆ ಅಲ್ಲಿ ಎಷ್ಟು ಓಡಾಟ ಶುರುವಾಗುತ್ತದೆ ಎಂದು ಅಲ್ಲಿ ಕೆಲಸ ಮಾಡಿದವರನ್ನು ಕೇಳಿ. ನಾವು ಮಾಡಬಹುದಾದದ್ದೂ ಇದೆ. ಸದನದ ಉತ್ತರಗಳು ಜಾಲತಾಣದಲ್ಲಿ ಸಿಗುತ್ತವೆ. ನಿಮ್ಮ ಶಾಲೆಯ ಹೆಸರಿರುವ ಅನುಬಂಧವನ್ನು ಇಳಿಸಿಕೊಳ್ಳಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಆ ಉತ್ತರದ ದಿನಾಂಕ ಮತ್ತು ಪ್ರಶ್ನೆ ಸಂಖ್ಯೆ ಹಾಕಿ ‘ಇದರ ಮೇಲೆ ಏನು ಕ್ರಮ ಆಗಿದೆ’ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು.

ಪ್ರಶ್ನೆ ಕೇಳಿಸಲು ಶಾಸಕರೇ ಆಗಬೇಕೆಂದಿಲ್ಲ. ವಿಧಾನ ಪರಿಷತ್ತಿನಲ್ಲಿ ಈಶಾನ್ಯ ಶಿಕ್ಷಕರ ಕ್ಷೇತ್ರ, ಈಶಾನ್ಯ ಪದವೀಧರರ ಕ್ಷೇತ್ರದಿಂದ ಗೆದ್ದವರಿದ್ದಾರೆ. ನಮ್ಮ ಮೂರೂ ಜಿಲ್ಲೆಗಳು ಆ ಕ್ಷೇತ್ರಗಳಲ್ಲಿ ಬರುತ್ತವೆ. ಅವರಿಗೆ ಬರೀ ‘ನಮ್ಮ ಶಾಲೆಗೆ ಸಹಾಯ ಮಾಡಿ’ ಎಂದು ಮನವಿ ಕೊಡಬೇಡಿ. ಕೇಳಬೇಕಾದ ಪ್ರಶ್ನೆಯನ್ನೇ ಬರೆದು ಕೊಡಿ. ‘ಇಂಥ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಂಜೂರಾದ ಶಿಕ್ಷಕರ ಹುದ್ದೆ ಎಷ್ಟು? ಖಾಲಿ ಎಷ್ಟು, ಶಾಲಾವಾರು ವಿವರ ನೀಡುವುದು. ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್‌ನ ಶೇ. 10ರ ಮಿತಿ ದಾಟಿರುವ ಶಾಲೆಗಳು ಯಾವುವು? ಅವುಗಳನ್ನು ಯಾವ ದಿನಾಂಕದೊಳಗೆ ಭರ್ತಿ ಮಾಡಲಾಗುವುದು?’